ಲೈಕು, ಸೈಟೇಷನ್ನು: ಎರಡು ನದಿ, ಒಂದೇ ಮಳೆ

(ಬೆಳಗಾವಿಯಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳು ಮತ್ತು ಕಾಲೇಜು ಗ್ರಂಥಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡ್ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಬಿಡಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸೋಷಿಯಲ್ ಮೀಡಿಯಾದಲ್ಲಿ ಸಿಗುವ ಗಮನಕ್ಕೂ ಸೈಟೇಷನ್‌ಗೂ ನಂಟು ಇದೆಯಾ ಎಂಬುದು ಇಂದಿನ ವಿಷಯ. ಸೈಟೇಷನ್ ಅಂದರೆ ಒಂದು ಪೇಪರನ್ನು ಇನ್ನೊಂದು ಪೇಪರ್ ಉಲ್ಲೇಖಿಸುವುದು. ನಮ್ಮ ಜಿಲ್ಲೆಯ ಒಂದು ಸಂಶೋಧನಾ ಪೇಪರ್‌ನಿಂದ ಶುರು ಮಾಡುತ್ತೇನೆ.

2006ರ ಅಕ್ಟೋಬರ್‌ನಲ್ಲಿ ಲ್ಯಾನ್ಸೆಟ್ ಜರ್ನಲ್‌ನಲ್ಲಿ ಅದು ಬಂತು. ಕೆಲಸ ನಡೆದದ್ದು ಬೆಳಗಾವಿ ಜಿಲ್ಲೆಯ 4 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ. ಇಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರೂ ಅಮೆರಿಕದ ಸಂಶೋಧಕರೂ ಸೇರಿ ಮಾಡಿದ್ದು. ಹೆರಿಗೆಯಾದ ಕೂಡಲೇ ಎಎನ್‌ಎಂ ಸಿಸ್ಟರ್‌ಗಳು ಬಾಣಂತಿಗೆ ಮಾತ್ರೆ ಕೊಡುತ್ತಿದ್ದರು. ಅರ್ಧ ಜನಕ್ಕೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್, ಉಳಿದರ್ಧಕ್ಕೆ ಅದರಂತೆಯೇ ಕಾಣುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗಿತ್ತು. ಒಟ್ಟು 1620 ತಾಯಂದಿರು. ಔಷಧವಿಲ್ಲದ ಗುಂಪಿನಲ್ಲಿ 100ಕ್ಕೆ 12 ಮಂದಿಗೆ ಅತಿ ರಕ್ತಸ್ರಾವ ಆಯಿತು. ಮಿಸೊಪ್ರೊಸ್ಟಾಲ್ ಕೊಟ್ಟವರಲ್ಲಿ ಅದು 6.4ಕ್ಕೆ ಇಳಿಯಿತು. ಹತ್ತಿರದಲ್ಲಿ ಡಾಕ್ಟರ್ ಇಲ್ಲದ ಊರಲ್ಲಿ, ಫ್ರಿಜ್ ಬೇಕಿಲ್ಲದ ಒಂದು ಮಾತ್ರೆ ಇಷ್ಟು ಮಾಡಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಯಲ್ಲಿ ಈ ಬಳಕೆಯನ್ನೂ ಸೇರಿಸಿತು. ಆ ಪೇಪರನ್ನು ನೂರಾರು ಸಂಶೋಧಕರು ಉಲ್ಲೇಖಿಸಿದ್ದಾರೆ.

ಇನ್ನೊಂದು ತಾರೀಕು ಹೇಳುತ್ತೇನೆ. ಟ್ವಿಟರ್ ಸಾರ್ವಜನಿಕರಿಗೆ ತೆರೆದದ್ದು 2006ರ ಜುಲೈನಲ್ಲಿ. ಅಂದರೆ ಈ ಪೇಪರ್ ಬರುವುದಕ್ಕೆ ಬರೀ ಮೂರು ತಿಂಗಳ ಮುಂಚೆ. ಪೇಪರ್ ಬಂದ ವಾರ ಅದನ್ನು ಟ್ವೀಟ್ ಮಾಡುವಂಥ ಜನರೇ ಅಲ್ಲಿರಲಿಲ್ಲ. ಈಗ ನೀವು ಒಂದು ಎಕ್ಸೆಲ್ ಹಾಳೆ ತೆರೆದು, ಒಂದು ಕಾಲಂನಲ್ಲಿ ಟ್ವೀಟ್, ಪಕ್ಕದ ಕಾಲಂನಲ್ಲಿ ಸೈಟೇಷನ್ ಬರೆಯುತ್ತೀರಿ ಅಂತ ಇಟ್ಟುಕೊಳ್ಳಿ. ನಮ್ಮ ಬೆಳಗಾವಿ ಪೇಪರ್‌ನ ಮುಂದೆ ಮೊದಲ ಕಾಲಂ ಹೆಚ್ಚು ಕಡಿಮೆ ಖಾಲಿ, ಎರಡನೆಯದು ತುಂಬಿ ತುಳುಕುತ್ತದೆ. ಕಳೆದ ತಿಂಗಳು ಬಂದ ಪೇಪರ್ ಒಂದನ್ನು ಕೆಳಗೆ ಬರೆಯಿರಿ. ಅದಕ್ಕೆ 200 ಪೋಸ್ಟ್ ಇರಬಹುದು, ಸೈಟೇಷನ್ ಸೊನ್ನೆ. ಇಂಥವನ್ನೇ ಸಾವಿರ ಸಾಲು ಪೇರಿಸಿದರೆ, ಪೋಸ್ಟ್ ಜಾಸ್ತಿಯಾದಷ್ಟೂ ಸೈಟೇಷನ್ ಕಡಿಮೆ ಅನ್ನುವ ಉತ್ತರ ಬಂದರೂ ಬಂದೀತು. ಅದು ತಪ್ಪು ಉತ್ತರ. ಲೆಕ್ಕದಲ್ಲಿ ತಪ್ಪಿಲ್ಲ, ಹಾಳೆಯಲ್ಲೇ ತಪ್ಪಿದೆ.

ಇಂದಿನ ಮಾತು ಆ ಹಾಳೆಯ ಬಗ್ಗೆ.

ನನಗೆ ಈ ವಿಷಯ ಯಾಕೆ ಹಚ್ಚಿಕೊಂಡಿತು ಅಂದರೆ, ನನ್ನ ವಿದ್ಯಾರ್ಥಿನಿಯೊಬ್ಬಳು ಒಂದು ಇಮೇಲ್ ತೋರಿಸಿದಳು. ಯಾವುದೋ ಕಂಪನಿಯದು. ದುಡ್ಡು ಕೊಟ್ಟರೆ ನಿಮ್ಮ ಪೇಪರನ್ನು ಸೋಷಿಯಲ್ ಮೀಡಿಯಾದಲ್ಲಿ ಹರಡುತ್ತೇವೆ, ಅದರಿಂದ ಸೈಟೇಷನ್ ಏರುತ್ತದೆ ಎಂದು ಸಂಶೋಧನೆಯೇ ಹೇಳಿದೆ ಅಂತ ಬರೆದಿದ್ದರು. ಆಕೆಗೆ ಆಗ ಬರುತ್ತಿದ್ದದ್ದು ಫೆಲೋಶಿಪ್ ದುಡ್ಡು ಮಾತ್ರ. "ಮೇಡಂ, ಕೊಡ್ಲೇನ್ರಿ?" ಅಂತ ಕೇಳಿದಳು. ಬೇಡ ಅಂದೆ. ಆದರೆ ಯಾಕೆ ಬೇಡ ಅಂತ ಅವಳಿಗೆ ಸರಿಯಾಗಿ ಹೇಳಬೇಕಿತ್ತು. ಹಾಗಾಗಿ ಓದಲು ಕೂತೆ.

ಮೊದಲು ಸೈಟೇಷನ್ ಎಣಿಕೆ ಎಲ್ಲಿಂದ ಬಂತು ನೋಡೋಣ. ಅದರ ಬೇರು ಇರುವುದು ವಕೀಲರ ಜಗತ್ತಿನಲ್ಲಿ. ಅಮೆರಿಕದಲ್ಲಿ 1873ರಿಂದ ಷೆಪರ್ಡ್ಸ್ ಸೈಟೇಷನ್ಸ್ ಎಂಬ ಪಟ್ಟಿ ಬರುತ್ತಿತ್ತು. ಒಂದು ತೀರ್ಪನ್ನು ಮುಂದೆ ಯಾವ ಯಾವ ಕೋರ್ಟು ಎತ್ತಿ ಹೇಳಿತು, ಯಾವುದು ತಳ್ಳಿ ಹಾಕಿತು ಎಂದು ಅದರಲ್ಲಿ ಸಿಗುತ್ತಿತ್ತು. ಯೂಜೀನ್ ಗಾರ್ಫೀಲ್ಡ್ ಎಂಬ ಅಮೆರಿಕದ ಮಾಹಿತಿ ವಿಜ್ಞಾನಿ ಇದನ್ನು ನೋಡಿ, ವಿಜ್ಞಾನದ ಪೇಪರ್‌ಗಳಿಗೂ ಹೀಗೇ ಮಾಡಬಹುದು ಎಂದು 1955ರಲ್ಲಿ ಬರೆದರು. 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರಬಂತು. ಗ್ರಂಥಪಾಲಕರು ಇಲ್ಲಿದ್ದೀರಿ, ಅದಕ್ಕೇ ಇನ್ನೊಂದು ಮಾತು. ಗ್ರಂಥಾಲಯದ ಕೆಲಸವನ್ನು ಅಂಕಿಸಂಖ್ಯೆಯಿಂದ ಅಳೆಯಬೇಕು ಅಂತ ನಮ್ಮ ಎಸ್.ಆರ್. ರಂಗನಾಥನ್ 1948ರಲ್ಲೇ ಇಂಗ್ಲೆಂಡಿನ ಒಂದು ಸಭೆಯಲ್ಲಿ ಹೇಳಿದ್ದರು. ಅದಕ್ಕೆ ಲೈಬ್ರಮೆಟ್ರಿ ಎಂಬ ಹೆಸರನ್ನೂ ಇಟ್ಟರು. ನಾವು ಈ ವಿದ್ಯೆಗೆ ಹೊಸಬರೇನಲ್ಲ.

ವಕೀಲರ ಪಟ್ಟಿಯಲ್ಲಿ ಒಂದು ಗುಣವಿತ್ತು, ನಮ್ಮ ಎಣಿಕೆಯಲ್ಲಿ ಅದು ಬಿಟ್ಟುಹೋಯಿತು. ತೀರ್ಪನ್ನು ಒಪ್ಪಿದರೋ, ತಳ್ಳಿದರೋ ಎಂಬುದು ಅಲ್ಲಿ ಬೇರೆ ಬೇರೆ ಗೊತ್ತಾಗುತ್ತಿತ್ತು. ನಮ್ಮಲ್ಲಿ ಎಲ್ಲವೂ ಒಂದೇ ರಾಶಿಗೆ ಬೀಳುತ್ತದೆ. ಎಂಎಂಆರ್ ಲಸಿಕೆಯನ್ನು ಆಟಿಸಂಗೆ ಗಂಟು ಹಾಕಿದ 1998ರ ವೇಕ್‌ಫೀಲ್ಡ್ ಪೇಪರ್ ನೆನಪಿದೆ ಅಲ್ವಾ? ಕೇವಲ 12 ಮಕ್ಕಳ ಮೇಲೆ ಬರೆದದ್ದು. 2010ರಲ್ಲಿ ಲ್ಯಾನ್ಸೆಟ್ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅದಕ್ಕೆ ಸೈಟೇಷನ್ ಸಾವಿರಗಟ್ಟಲೆ ಇವೆ. ಎಷ್ಟೋ ಮಂದಿ ಅದನ್ನು ಎತ್ತಿರುವುದು ಅದು ತಪ್ಪು ಅಂತ ಹೇಳುವುದಕ್ಕೆ. ಸೋಷಿಯಲ್ ಮೀಡಿಯಾದ ಗಮನ ಕೂಡ ಹೀಗೇ. ಬೈದದ್ದೂ ಒಂದು, ಹೊಗಳಿದ್ದೂ ಒಂದು.

ಇನ್ನು ಆಲ್ಟ್‌ಮೆಟ್ರಿಕ್ಸ್, ಅಂದರೆ ಟ್ವೀಟ್, ಬ್ಲಾಗ್, ಸುದ್ದಿಗಳಲ್ಲಿ ಪೇಪರ್‌ಗೆ ಸಿಕ್ಕ ಗಮನದ ಎಣಿಕೆ. 2010ರ ಶರತ್ಕಾಲದಲ್ಲಿ ಜೇಸನ್ ಪ್ರೀಮ್ ಎಂಬ ಸಂಶೋಧಕರು ಈ ಪದವನ್ನು ಟ್ವೀಟ್ ಒಂದರಲ್ಲೇ ಹುಟ್ಟುಹಾಕಿದರು. ಅಕ್ಟೋಬರ್‌ನಲ್ಲಿ ಅವರೂ ಇನ್ನು ಮೂವರೂ ಸೇರಿ ಒಂದು ಪ್ರಣಾಳಿಕೆ ಹೊರಡಿಸಿದರು. ಸೈಟೇಷನ್ ಬರಲು ವರ್ಷಗಳು ಬೇಕು, ಓದುಗರು ಏನು ಮಾಡುತ್ತಿದ್ದಾರೆ ಅಂತ ಈಗಲೇ ತಿಳಿಯುವ ದಾರಿ ಬೇಕು ಎಂಬುದು ಅದರ ಆಸೆ. ಒಳ್ಳೆಯ ಆಸೆಯೇ. ಮರು ವರ್ಷ ಆಲ್ಟ್‌ಮೆಟ್ರಿಕ್ ಎಂಬ ಕಂಪನಿ ಶುರುವಾಯಿತು. ಪೇಪರ್ ಪಕ್ಕ ಬಣ್ಣಬಣ್ಣದ ಉಂಗುರ ಕಾಣುತ್ತದಲ್ಲ, ಅದು ಅವರದೇ. ಉಂಗುರದ ಒಳಗಿನ ಅಂಕಿ ಸುಮ್ನೆ ಕೂಡಿಸಿದ್ದಲ್ಲ. ಸುದ್ದಿಗೆ 8, ಬ್ಲಾಗ್‌ಗೆ 5, ಟ್ವೀಟ್‌ಗೆ ಅದಕ್ಕಿಂತ ತುಂಬಾ ಕಡಿಮೆ ಅಂತ ತೂಕ ಹಾಕುತ್ತಾರೆ. ಈ ತೂಕಗಳನ್ನು ಕಂಪನಿಯೇ ಕೂತು ತೀರ್ಮಾನಿಸಿದ್ದು. ನಿಮ್ಮ ಥೀಸಿಸ್‌ನಲ್ಲಿ ಆ ಅಂಕಿಯನ್ನು ಹಾಗೇ ಬಳಸಬೇಡಿ. ಸುದ್ದಿ ಬೇರೆ, ಟ್ವೀಟ್ ಬೇರೆ, ಬ್ಲಾಗ್ ಬೇರೆ ಅಂತ ಬಿಡಿಸಿ ತೆಗೆದುಕೊಳ್ಳಿ.

2011ರ ಡಿಸೆಂಬರ್‌ನಲ್ಲಿ ಗುಂಥರ್ ಐಸೆನ್‌ಬಾಕ್ ಅವರ ಪೇಪರ್ ಬಂತು. ನನ್ನ ವಿದ್ಯಾರ್ಥಿನಿಗೆ ಬಂದಿದ್ದ ಆ ಇಮೇಲ್ ಇಂಥ ಪೇಪರ್‌ಗಳನ್ನೇ ನೆಚ್ಚಿಕೊಂಡದ್ದು. ಇಂಟರ್‌ನೆಟ್ ಮತ್ತು ಆರೋಗ್ಯದ ಮೇಲಿನ ಒಂದು ಜರ್ನಲ್‌ನ 55 ಪೇಪರ್‌ಗಳನ್ನು ಅವರು ನೋಡಿದರು. ಹೆಚ್ಚು ಟ್ವೀಟ್ ಆದ 12ರಲ್ಲಿ 9 ಪೇಪರ್ ಮುಂದೆ ಹೆಚ್ಚು ಸೈಟೇಷನ್ ಪಡೆದವು. ಉಳಿದ 43ರಲ್ಲಿ ಪಡೆದದ್ದು 3 ಮಾತ್ರ. ಅಂದರೆ ಅಲ್ಲಿ 100ಕ್ಕೆ 75, ಇಲ್ಲಿ 100ಕ್ಕೆ 7. ಸುಮಾರು 11 ಪಟ್ಟು. ಈ 11 ಪಟ್ಟು ಅನ್ನುವ ಮಾತು ಊರೆಲ್ಲ ಓಡಾಡಿತು. 55 ಪೇಪರ್ ಅನ್ನುವ ಮಾತು ಅಷ್ಟು ಓಡಾಡಲಿಲ್ಲ. ಜರ್ನಲ್ ಒಂದೇ. ಅದರ ಸಂಪಾದಕರು ಅವರೇ. ಅದರ ಓದುಗರು ಇಂಟರ್‌ನೆಟ್ಟನ್ನೇ ಅಧ್ಯಯನ ಮಾಡುವವರು, ಟ್ವಿಟರ್‌ನಲ್ಲೇ ಇದ್ದವರು. ಅಲ್ಲಿ ಕಂಡದ್ದು ಕಬ್ಬಿನ ರೋಗದ ಪೇಪರ್‌ಗೂ ಹೊಂದುತ್ತದೆ ಅಂತ ಹೇಳಲು ಆಧಾರ ಇಲ್ಲ.

ದೊಡ್ಡ ಲೆಕ್ಕಗಳು ಆಮೇಲೆ ಬಂದವು. 2010ರಿಂದ 2012ರವರೆಗಿನ 14 ಲಕ್ಷ ವೈದ್ಯಕೀಯ ಪೇಪರ್‌ಗಳನ್ನು ಸ್ಟೆಫಾನಿ ಹೌಸ್ಟೈನ್ ಮತ್ತು ಜೊತೆಗಾರರು ನೋಡಿದಾಗ, ಟ್ವೀಟ್ ಆಗಿದ್ದೇ 100ಕ್ಕೆ 10ಕ್ಕಿಂತ ಕಡಿಮೆ. ಸೈಟೇಷನ್ ಜೊತೆಗಿನ ನಂಟು ತೀರಾ ಸಡಿಲ. 2015ರಲ್ಲಿ ಲುಟ್ಜ್ ಬೋರ್ನ್‌ಮನ್ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಟ್ವೀಟ್‌ಗೂ ಸೈಟೇಷನ್‌ಗೂ ಕೋರಿಲೇಷನ್ 0.003. ಬ್ಲಾಗ್‌ಗೆ 0.12. ಮೆಂಡಲೆ ಎಂಬ ಸಾಫ್ಟ್‌ವೇರ್‌ನಲ್ಲಿ ತೆಗೆದಿಟ್ಟವರ ಎಣಿಕೆಗೆ 0.51.

ಈ ಮೂರು ಅಂಕಿಗಳ ಮುಂದೆ ಸ್ವಲ್ಪ ನಿಲ್ಲೋಣ. ಕೋರಿಲೇಷನ್ 1 ಆದರೆ ಎರಡೂ ಹೆಜ್ಜೆಗೆ ಹೆಜ್ಜೆ ಹಾಕುತ್ತವೆ, 0 ಆದರೆ ಸಂಬಂಧ ಕಾಣುವುದಿಲ್ಲ. 0.51ನ್ನು ಅದರಿಂದಲೇ ಗುಣಿಸಿದರೆ 0.26. ಅಂದರೆ ಸೈಟೇಷನ್‌ಗಳ ಏರಿಳಿತದಲ್ಲಿ ಸುಮಾರು ಕಾಲು ಭಾಗ ಮೆಂಡಲೆಯ ಏರಿಳಿತದ ಜೊತೆ ಹೊಂದುತ್ತದೆ. ಬ್ಲಾಗ್‌ನದು ನೂರಕ್ಕೆ ಒಂದೂವರೆಯೂ ಇಲ್ಲ. ಟ್ವೀಟ್‌ನದನ್ನು ಗುಣಿಸುವುದೇ ಬೇಡ. ಮೆಂಡಲೆಗೆ ಯಾಕೆ ಇಷ್ಟು? ಯಾಕೆಂದರೆ ಅದು ಪೇಪರ್‌ಗಳನ್ನು ಜೋಡಿಸಿಟ್ಟುಕೊಳ್ಳುವ ಸಾಫ್ಟ್‌ವೇರ್. ನೀವೇ ಬಳಸುತ್ತೀರಿ. ಮುಂದೆ ಬರೆಯಲು ಬೇಕಾದೀತು ಅಂತ ಅದರಲ್ಲಿ ತೆಗೆದಿಡುತ್ತೀರಿ. ತೆಗೆದಿಟ್ಟವರೇ ನಾಳೆ ಬರೆಯುವವರು. ಲೈಕ್ ಒತ್ತುವ ಬೆರಳು ಯಾರದ್ದಾದರೂ ಆಗಬಹುದು. ಎಷ್ಟೋ ಸಲ ಬೆರಳೇ ಇರುವುದಿಲ್ಲ, ಬಾಟ್ ಇರುತ್ತದೆ, ಅಂದರೆ ತಾನೇ ನಡೆಯುವ ಯಂತ್ರದ ಖಾತೆ. ದಂತವೈದ್ಯಕೀಯದ ಪೇಪರ್‌ಗಳ ಟ್ವೀಟ್‌ಗಳನ್ನು ಒಂದೊಂದಾಗಿ ಓದಿ ನೋಡಿದ ಸಂಶೋಧಕರಿಗೆ ಬಹುಪಾಲು ಸಿಕ್ಕಿದ್ದು ಯಂತ್ರದಂತೆ ಶೀರ್ಷಿಕೆ ಹಾಕಿ ಲಿಂಕ್ ಅಂಟಿಸಿದ ಟ್ವೀಟ್‌ಗಳೇ.

ಈಗ ಹಾಳೆಗೆ ಬರೋಣ. ಅದರಲ್ಲಿ ಮೂರು ಕಡೆ ಕಾಲು ಜಾರುತ್ತದೆ.

ಮೊದಲನೆಯದು ಸರಾಸರಿ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಹೋದವರಿಗೆ ಗೊತ್ತು, ಕಾಲಿಡಲು ಜಾಗ ಇರುವುದಿಲ್ಲ. ಬೇರೆ ದಿನ ಹೋದರೆ ಆರಾಮಾಗಿ ದರ್ಶನ ಆಗುತ್ತದೆ. ವರ್ಷದ ಜನರನ್ನೆಲ್ಲ ಕೂಡಿಸಿ 365ರಿಂದ ಭಾಗಿಸಿ, ದಿನಕ್ಕೆ ಇಷ್ಟು ಜನ ಅಂದರೆ, ಆ ಅಂಕಿ ಯಾವ ದಿನಕ್ಕೂ ಹೊಂದುವುದಿಲ್ಲ. ಸೈಟೇಷನ್ ಕೂಡ ಜಾತ್ರೆಯ ಹಾಗೆ. ಒಂದು ವಿಭಾಗದ 10 ಪೇಪರ್‌ಗಳಿಗೆ 0, 0, 0, 1, 1, 2, 2, 3, 4, 87 ಅಂತ ಬಂದಿದೆ ಅಂದುಕೊಳ್ಳಿ. ಕೂಡಿದರೆ 100. ಸರಾಸರಿ 10. ಹತ್ತರಲ್ಲಿ ಒಂಬತ್ತು ಪೇಪರ್ ಸರಾಸರಿಯ ಹತ್ತಿರವೂ ಇಲ್ಲ. ಟ್ವೀಟ್‌ಗಳೂ ಇದೇ ಥರ. ಇಂಥ ಎರಡು ಕಾಲಂಗಳಿಗೆ ಮಾಮೂಲಿ ಪಿಯರ್ಸನ್ ಕೋರಿಲೇಷನ್ ಹಾಕಿದರೆ, ಆ 87ರ ಪೇಪರ್ ಒಂದೇ ಇಡೀ ಉತ್ತರವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅದಕ್ಕೇ ಸ್ಪಿಯರ್‌ಮನ್ ಬಳಸಿ. ಅದು ಅಂಕ ಬಿಟ್ಟು ರ‍್ಯಾಂಕ್ ನೋಡುತ್ತದೆ. ಇಲ್ಲವೇ ಪ್ರತಿ ಸಂಖ್ಯೆಗೆ 1 ಕೂಡಿಸಿ 10ರ ಆಧಾರದ ಲಾಗ್ ತೆಗೆಯಿರಿ. ಆಗ 0 ಇದ್ದದ್ದು 0 ಆಗುತ್ತದೆ, 9 ಇದ್ದದ್ದು 1, 99 ಇದ್ದದ್ದು 2. ಗುಡ್ಡ ತಗ್ಗಿ ದಿಬ್ಬ ಆಗುತ್ತದೆ. ರಿಗ್ರೆಷನ್ (ಬೇರೆ ಕಾರಣಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ) ಮಾಡುವವರು ಎಣಿಕೆಗಳಿಗೆಂದೇ ಇರುವ ನೆಗೆಟಿವ್ ಬೈನಾಮಿಯಲ್ ಮಾದರಿ ನೋಡಿ. ಸೊನ್ನೆಗಳು ಬಹಳ ಇದ್ದರೆ ಅದರ ಬಗ್ಗೆ ನಿಮ್ಮ ಸ್ಟ್ಯಾಟಿಸ್ಟಿಕ್ಸ್ ವಿಭಾಗದವರ ಹತ್ತಿರ ಮೊದಲೇ ಹೋಗಿ, ಡೇಟಾ ಎಲ್ಲ ಮುಗಿದ ಮೇಲೆ ಹೋಗಬೇಡಿ.

ಎರಡನೆಯದು ಕಾಲ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರ ಮನೆಯವರು ಇಲ್ಲಿ ಇದ್ದೀರಿ. ಈ ವರ್ಷ ನೆಟ್ಟ ಬಳ್ಳಿಯನ್ನೂ ಐದು ವರ್ಷದ ಬಳ್ಳಿಯನ್ನೂ ಪಕ್ಕ ಇಟ್ಟು ಯಾರಾದರೂ ಇಳುವರಿ ಹೋಲಿಸುತ್ತಾರಾ? ಟ್ವೀಟ್ ಬರುವುದು ಮೊದಲ ಕೆಲವು ದಿನಗಳಲ್ಲಿ. ಸೈಟೇಷನ್ ಬರಲು ಎರಡು ಮೂರು ವರ್ಷ ಬೇಕು. ಯಾಕೆಂದರೆ ಇನ್ನೊಬ್ಬರು ಓದಬೇಕು, ಪ್ರಯೋಗ ಮಾಡಬೇಕು, ಬರೆಯಬೇಕು, ಜರ್ನಲ್ ಒಪ್ಪಬೇಕು. ಅದರ ಮೇಲೆ, ಟ್ವಿಟರ್ ಬಳಸುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಬಂದರು. ಮೈಕ್ ಥೆಲ್‌ವಾಲ್ ಮತ್ತು ಜೊತೆಗಾರರು 2013ರಲ್ಲಿ ಇದಕ್ಕೊಂದು ಉಪಾಯ ಮಾಡಿದರು. ನನಗೆ ಬಹಳ ಹಿಡಿಸಿದ ಉಪಾಯ ಇದು. ಒಂದು ಪೇಪರನ್ನು ಅದೇ ಜರ್ನಲ್‌ನಲ್ಲಿ ಅದಕ್ಕೆ ಸ್ವಲ್ಪ ಮೊದಲು ಬಂದ ಪೇಪರ್ ಮತ್ತು ಸ್ವಲ್ಪ ಆಮೇಲೆ ಬಂದ ಪೇಪರ್ ಜೊತೆ ಮಾತ್ರ ಹೋಲಿಸುವುದು. ಅಕ್ಕಪಕ್ಕದವರ ಜೊತೆ. ಟ್ವೀಟ್‌ನಲ್ಲಿ ಅಕ್ಕಪಕ್ಕದವರಿಗಿಂತ ಮುಂದಿರುವ ಪೇಪರ್ ಸೈಟೇಷನ್‌ನಲ್ಲೂ ಮುಂದಿದೆಯಾ, ಹಿಂದಿದೆಯಾ? ಮುಂದಿದ್ದರೆ ಒಂದು ಗೆಲುವು, ಹಿಂದಿದ್ದರೆ ಒಂದು ಸೋಲು. ಗೆಲುವು ಸೋಲು ಎಣಿಸಿದರೆ ಆಯಿತು. ದೊಡ್ಡ ಸೂತ್ರ ಏನೂ ಬೇಕಿಲ್ಲ. ಎರಡು ಲಕ್ಷಕ್ಕೂ ಮೀರಿದ ಪೇಪರ್‌ಗಳ ಮೇಲೆ ಹೀಗೆ ನೋಡಿದಾಗ ಟ್ವೀಟ್‌ಗೂ ಸೈಟೇಷನ್‌ಗೂ ನಂಟು ಇದೆ ಅಂತ ಕಂಡಿತು. ಸಣ್ಣ ನಂಟು, ಆದರೆ ಇದೆ.

ಹಾಗಿದ್ದರೆ ಟ್ವೀಟ್‌ನಿಂದ ಸೈಟೇಷನ್ ಬರುತ್ತದೆ ಅಂತಲಾ? ಮೂರನೆಯ ಜಾರು ಇಲ್ಲೇ.

ಗೋಕಾಕ ಜಲಪಾತ ಭೋರ್ಗರೆಯುವ ವಾರಗಳನ್ನು ಬರೆದಿಟ್ಟುಕೊಳ್ಳಿ. ನವಿಲುತೀರ್ಥದ ಅಣೆಕಟ್ಟಿನಲ್ಲಿ ನೀರು ಏರುವ ವಾರಗಳನ್ನೂ ಬರೆದಿಟ್ಟುಕೊಳ್ಳಿ. ಎರಡೂ ಚೆನ್ನಾಗಿ ಹೊಂದುತ್ತವೆ. ಹಾಗಂತ ಗೋಕಾಕದ ನೀರು ನವಿಲುತೀರ್ಥಕ್ಕೆ ಹೋಯಿತು ಅಂತ ನಮ್ಮೂರ ಹುಡುಗರೂ ಹೇಳುವುದಿಲ್ಲ. ಅದು ಘಟಪ್ರಭೆ, ಇದು ಮಲಪ್ರಭೆ. ಆದರೆ ಎರಡಕ್ಕೂ ನೀರು ಕೊಡುವುದು ಸಹ್ಯಾದ್ರಿಯ ಮಳೆ. ಪೇಪರ್‌ಗಳ ವಿಷಯದಲ್ಲೂ ಇಂಥ ಮಳೆ ಇದೆ. ಹೆಸರಾದ ಜರ್ನಲ್, ದೊಡ್ಡ ವಿಶ್ವವಿದ್ಯಾಲಯ, 20 ಜನ ಲೇಖಕರು, ದುಡ್ಡಿಲ್ಲದೆ ಓದಲು ಸಿಗುವುದು, ಎಲ್ಲರ ಬಾಯಲ್ಲಿರುವ ವಿಷಯ. ಇವುಗಳಿಂದ ಟ್ವೀಟೂ ಏರುತ್ತದೆ, ಸೈಟೇಷನ್ನೂ ಏರುತ್ತದೆ. ಮಳೆ ಒಂದೇ ಸಮ ಇದ್ದ ವಾರಗಳನ್ನಷ್ಟೇ ಆರಿಸಿ ಹೋಲಿಸುವುದು ಒಂದು ದಾರಿ. ರಿಗ್ರೆಷನ್ ಮಾಡುವುದು ಅದನ್ನೇ. ಆದರೆ ನಾವು ಅಳೆಯದೇ ಬಿಟ್ಟ ಮಳೆ ಯಾವಾಗಲೂ ಇರುತ್ತದೆ. ಪೇಪರ್ ಒಳ್ಳೆಯದಾಗಿದೆ ಎಂಬುದೂ ಒಂದು ಮಳೆಯೇ, ಅದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಇನ್ನೊಂದು ದಾರಿ, ನಾವೇ ಗೇಟ್ ಎತ್ತುವುದು. ಹಿಡಕಲ್ ಡ್ಯಾಮಿನ ಗೇಟ್ ಎತ್ತಿದರೆ ಗೋಕಾಕದಲ್ಲಿ ನೀರು ಏರುತ್ತದೆ, ನವಿಲುತೀರ್ಥದಲ್ಲಿ ಒಂದು ಇಂಚೂ ಏರುವುದಿಲ್ಲ. ಆಗ ಗೊತ್ತಾಗುತ್ತದೆ, ಯಾವುದು ಯಾವುದಕ್ಕೆ ಕಾರಣ ಅಂತ. ಬೆಳಗಾವಿಯ ಆ ತಾಯಂದಿರಿಗೆ ಚೀಟಿ ಎತ್ತಿ ಮಾತ್ರೆ ಕೊಟ್ಟ ಹಾಗೆ, ಪೇಪರ್‌ಗಳಿಗೂ ಚೀಟಿ ಎತ್ತಿ ಟ್ವೀಟ್ ಕೊಟ್ಟವರಿದ್ದಾರೆ.

ಹೃದ್ರೋಗದ ಸರ್ಕ್ಯುಲೇಷನ್ ಜರ್ನಲ್ 243 ಪೇಪರ್‌ಗಳನ್ನು ಹೀಗೆ ಎರಡು ಪಾಲು ಮಾಡಿತು. ಒಂದು ಪಾಲನ್ನು ಟ್ವಿಟರ್, ಫೇಸ್‌ಬುಕ್‌ಗೆ ಹಾಕಿತು, ಇನ್ನೊಂದನ್ನು ಹಾಕಲಿಲ್ಲ. 30 ದಿನಗಳಲ್ಲಿ ಓದಿದವರ ಸಂಖ್ಯೆಯಲ್ಲೇ ವ್ಯತ್ಯಾಸ ಕಾಣಲಿಲ್ಲ. ಎದೆಯ ಶಸ್ತ್ರಚಿಕಿತ್ಸಕರ ಒಂದು ಗುಂಪು 112 ಪೇಪರ್‌ಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಬೇರೆ ಉತ್ತರ ಬಂತು. ವರ್ಷ ಕಳೆದ ಮೇಲೆ ಟ್ವೀಟ್ ಆದವಕ್ಕೆ ಸರಾಸರಿ 3.1 ಸೈಟೇಷನ್ ಏರಿತ್ತು, ಆಗದವಕ್ಕೆ 0.7. ಆಮೇಲೆ 2024ರಲ್ಲಿ ಇನ್ನೊಂದು ಬಂತು. 11 ವಿಜ್ಞಾನಿಗಳು ತಮ್ಮ ತಮ್ಮ ಖಾತೆಗಳಿಂದ ಚೀಟಿಯಲ್ಲಿ ಬಂದ 110 ಪೇಪರ್‌ಗಳನ್ನು ಟ್ವೀಟ್ ಮಾಡಿದರು. ಅವೇ ಜರ್ನಲ್‌ಗಳ ಬೇರೆ ಪೇಪರ್‌ಗಳನ್ನು ಹಾಗೇ ಬಿಟ್ಟರು. ಟ್ವೀಟ್ ಮಾಡಿದ ದಿನ ಡೌನ್‌ಲೋಡ್ ಏರಿತು. ಆಲ್ಟ್‌ಮೆಟ್ರಿಕ್ ಅಂಕಿಯೂ ಏರಿತು. ಮೂರು ವರ್ಷ ಕಾದರು. ಸೈಟೇಷನ್‌ನಲ್ಲಿ ನಂಬುವಂಥ ವ್ಯತ್ಯಾಸ ಸಿಗಲಿಲ್ಲ.

ನನ್ನ ಅಭಿಪ್ರಾಯ ಹೇಳುತ್ತೇನೆ. ಶಸ್ತ್ರಚಿಕಿತ್ಸಕರದ್ದು ಸಣ್ಣ ಬಳಗ. ಓದುವವರೂ ಅವರೇ, ಬರೆಯುವವರೂ ಅವರೇ, ಟ್ವಿಟರ್‌ನಲ್ಲಿ ಸೇರಿದ್ದವರೂ ಅವರೇ. ಅಂಥ ಕಡೆ ಗೇಟ್ ಎತ್ತಿದರೆ ನೀರು ನೇರ ಹೊಲಕ್ಕೆ ಹೋಗಬಹುದು. ಉಳಿದ ಕಡೆ ಆ ಭರವಸೆ ಇಟ್ಟುಕೊಂಡು ದುಡ್ಡು ಕೊಡುವುದಕ್ಕೆ ಈ ಪ್ರಯೋಗಗಳಲ್ಲಿ ಬೆಂಬಲ ಇಲ್ಲ. ನನ್ನ ವಿದ್ಯಾರ್ಥಿನಿಗೆ ಹೇಳಿದ್ದೂ ಇದನ್ನೇ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಈ ಎಣಿಕೆಯ ಯಂತ್ರಗಳು ನೋಡುವುದು ಮುಖ್ಯವಾಗಿ ಪೇಪರ್‌ನ ಡಿಒಐ (ಪೇಪರ್‌ಗೆ ಕೊಟ್ಟ ಕಾಯಂ ಗುರುತು ಸಂಖ್ಯೆ) ಅಥವಾ ಲಿಂಕ್ ಇರುವ ಸಾರ್ವಜನಿಕ ಪೋಸ್ಟ್‌ಗಳನ್ನು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಒಬ್ಬರು ಇಂಡಿ ಲಿಂಬೆಯ ರೋಗದ ಬಗ್ಗೆ ಬರೆದರು ಅಂದುಕೊಳ್ಳಿ. ಅದರ ಸಾರ ಕನ್ನಡದಲ್ಲಿ ಒಂದು ವಾಟ್ಸಾಪ್ ಗುಂಪಿಗೆ ಬಂತು. ಅಲ್ಲಿಂದ 40 ಗುಂಪಿಗೆ ಹೋಯಿತು. ರೈತರು ಫೋಟೊ ಹಾಕಿ, ನಮ್ಮ ಗಿಡದಲ್ಲೂ ಹಿಂಗೇ ಆಗೇತ್ರಿ ಅಂತ ಕೇಳಿದರು. ಯಾರೋ ಔಷಧ ಹೊಡೆಯುವ ದಿನ ಬದಲಿಸಿದರು. ಆ ಉಂಗುರದಲ್ಲಿ ಇದಕ್ಕೆ ಬರುವ ಅಂಕ ಸೊನ್ನೆ. ವಾಟ್ಸಾಪ್ ಒಳಗೆ ಯಂತ್ರ ಇಣುಕುವುದಿಲ್ಲ, ಇಣುಕಲೂಬಾರದು. ಕನ್ನಡ ಪತ್ರಿಕೆಯಲ್ಲಿ ಲಿಂಕ್ ಇಲ್ಲದೆ ಸುದ್ದಿ ಬಂದರೂ ಅದರ ಕಣ್ಣಿಗೆ ಬೀಳುವುದು ಕಷ್ಟ. ಸೈಟೇಷನ್ ಕಾಲಂನಲ್ಲೂ ಆ ರೈತ ಇಲ್ಲ, ಅವನು ಪೇಪರ್ ಬರೆಯುವವನಲ್ಲವಲ್ಲ. ಎರಡೂ ಕಾಲಂ ಖಾಲಿ. ನೇಮಕಾತಿಗೆ, ಬಡ್ತಿಗೆ ಈ ಎರಡು ಕಾಲಂಗಳನ್ನೇ ಹಿಡಿದು ಕೂರುವ ಸಮಿತಿಗಳಲ್ಲಿ ನಿಮ್ಮಲ್ಲಿ ಕೆಲವರು ಮುಂದೆ ಕೂರುತ್ತೀರಿ. ಆವತ್ತು ಈ ಲಿಂಬೆ ಗಿಡವನ್ನು ನೆನಪಿಸಿಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ.

ಅಳೆಯುವ ಕೋಲು ಕೂಡ ನಮ್ಮ ಕೈಯಲ್ಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಟ್ವಿಟರ್ ಮಾಲೀಕರು ಬದಲಾದರು. 2023ರಲ್ಲಿ ಸಂಶೋಧಕರಿಗೆ ಬಿಟ್ಟಿ ಸಿಗುತ್ತಿದ್ದ ಡೇಟಾ ನಿಂತಿತು, ಹೆಸರೂ ಎಕ್ಸ್ ಆಯಿತು. ಎಷ್ಟೋ ವಿಜ್ಞಾನಿಗಳು ಬ್ಲೂಸ್ಕೈ ಎಂಬ ಇನ್ನೊಂದು ಜಾಲತಾಣದ ಕಡೆ ಹೋದರು. 2019ರ ಪೇಪರ್‌ನ ಟ್ವೀಟ್‌ಗೂ 2024ರ ಪೇಪರ್‌ನ ಪೋಸ್ಟ್‌ಗೂ ಹೋಲಿಕೆ ಮಾಡುವವರು ಇದನ್ನು ಮೊದಲ ಪುಟದಲ್ಲೇ ಬರೆಯಬೇಕು.

ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ, ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ಕೇಳಿದ. "ಮೇಡಂ, ಹಂಗಾದ್ರ ನಾವು ನಮ್ಮ ಪೇಪರ್ ಫೇಸ್‌ಬುಕ್‌ನಾಗ ಹಾಕ್ಬೇಕೋ ಬ್ಯಾಡೋ?"

ಹಾಕು ಅಂದೆ. ಸೈಟೇಷನ್ ಬರಲಿ ಅಂತ ಹಾಕಬೇಡ, ಓದುವವರು ಇದ್ದಾರೆ ಅಂತ ಹಾಕು. ಶೀರ್ಷಿಕೆ ಲಿಂಕ್ ಎರಡನ್ನೇ ಅಂಟಿಸಬೇಡ. ನಾಲ್ಕು ಸಾಲು ಕನ್ನಡದಲ್ಲಿ ಬರೆ. ಏನು ಹುಡುಕಿದೆ, ಏನು ಸಿಕ್ಕಿತು, ಎಷ್ಟು ನಂಬಬಹುದು. ನಿನ್ನ ವಿಷಯ ಯಾವುದಪ್ಪಾ ಅಂತ ಕೇಳಿದೆ. ಇಳಕಲ್ ಕಡೆಯ ನೇಕಾರರ ಬೆನ್ನುನೋವು ಅಂದ. ಪೇಪರ್ ಇಂಗ್ಲಿಷ್‌ನಲ್ಲಿದೆಯಂತೆ. ಅದಕ್ಕಾಗಿ ಮಾತಾಡಿಸಿದ ನೇಕಾರರಿಗೆ ಅದರಲ್ಲಿ ಏನು ಬಂತು ಅಂತ ಹೇಳಿದ್ದೀಯಾ ಅಂದೆ. ಇನ್ನೂ ಇಲ್ರಿ ಅಂದ. ಮುಂದಿನ ವಾರ ಊರಿಗೆ ಹೋಗುವವನಿದ್ದಾನೆ, ಒಂದು ಪುಟ ಬರೆದುಕೊಂಡು ಹೋಗುತ್ತೇನೆ ಅಂತ ಹೇಳಿ ಕೂತ.